ಹಳೆಯ ಗಾಡಿಯಲ್ಲಿ ಕೈ ಜೋಮು ಹಿಡಿಯುತ್ತಿದೆಯಾ? ಹ್ಯಾಂಡಲ್ ಗ್ರಿಪ್ ಬದಲಿಸುವ ಮುಂಚೆ ಮತ್ತು ಬದಲಿಸುವಾಗ

ನನ್ನದು ಯೆಜ್ಡಿ ರೋಡ್‌ಕಿಂಗ್ ಬೈಕ್. ಅಪ್ಪನ ಕೈಯಿಂದ ಬಂದ ಗಾಡಿ. ಇಂಜಿನ್ ಕೆಲಸವೆಲ್ಲ ಮುಗಿಸಿ ಓಡಿಸಲು ಶುರು ಮಾಡಿದಾಗ ಒಂದೇ ತೊಂದರೆ ಉಳಿದಿತ್ತು. ಮೈಸೂರು ಬಿಟ್ಟು ನಂಜನಗೂಡು ದಾಟುವಷ್ಟರಲ್ಲಿ ಕೈ ಜೋಮು ಹಿಡಿಯುತ್ತಿತ್ತು. ಎಡಗೈಗಿಂತ ಬಲಗೈಗೆ ಜಾಸ್ತಿ. ಗುಂಡ್ಲುಪೇಟೆಯಲ್ಲಿ ಟೀಗೆ ನಿಲ್ಲಿಸಿದರೆ ಲೋಟ ಬಿಸಿಯಾಗಿದೆಯೋ ಇಲ್ಲವೋ ಬೆರಳಿಗೆ ತಿಳಿಯುತ್ತಿರಲಿಲ್ಲ.

ಗ್ರಿಪ್ ಹಳೆಯದಾಗಿ ಗಟ್ಟಿಯಾಗಿದೆ, ಮೆತ್ತಗಿನದು ಹಾಕಿದರೆ ಸರಿಹೋಗುತ್ತದೆ ಅಂದುಕೊಂಡೆ. ಅಂಗಡಿಯಲ್ಲಿ ಸಿಕ್ಕಿದ್ದರಲ್ಲೇ ಅತ್ಯಂತ ದಪ್ಪನೆಯ ಫೋಮ್ ಗ್ರಿಪ್ ತಂದು ಹಾಕಿದೆ. ಒತ್ತಿ ನೋಡಿದಾಗ ದಿಂಬಿನ ಹಾಗಿತ್ತು. ರಸ್ತೆಗೆ ಇಳಿದ ಮೇಲೆ ಜೋಮು ಹೋಗಲಿಲ್ಲ, ಅದರ ಜೊತೆಗೆ ಎಡ ಮುಂಗೈ ನೋವೂ ಸೇರಿಕೊಂಡಿತು. ನಾನು ಗಾಡಿ ತೋರಿಸುವ ಮೆಕ್ಯಾನಿಕ್ ಯಜಮಾನರು ಹ್ಯಾಂಡಲ್ ಹಿಡಿದು ನೋಡಿ ಕೇಳಿದ್ದು ಒಂದೇ ಮಾತು: "ಗ್ರಿಪ್ ಬದಲಾಯಿಸಿದ್ದೀಯಲ್ಲಪ್ಪ, ಇಂಜಿನ್ ಬೋಲ್ಟ್ ಮುಟ್ಟಿ ನೋಡಿದ್ಯಾ?"

ನೋಡಿರಲಿಲ್ಲ. ಆಮೇಲೆ ಒಂದೊಂದಾಗಿ ಹುಡುಕಿದಾಗ ಮೂರು ದೋಷ ಸಿಕ್ಕವು. ಅದರಲ್ಲಿ ಗ್ರಿಪ್ ಒಂದೇ ಒಂದು. ನೀವು ಗ್ರಿಪ್‌ಗೆ ದುಡ್ಡು ಹಾಕುವ ಮುಂಚೆ ಇದೇ ದಾರಿಯಲ್ಲಿ ಒಮ್ಮೆ ಹುಡುಕಿ ಅಂತ ಇದನ್ನು ಬರೆಯುತ್ತಿದ್ದೇನೆ. ಯೆಜ್ಡಿ, ಜಾವಾ ಇಟ್ಟುಕೊಂಡು ಬರೆದಿದ್ದರೂ ಹಳೆಯ ಬುಲೆಟ್, ಆರ್‌ಎಕ್ಸ್ 100 ಇರುವವರಿಗೂ ಬಹುಪಾಲು ಹೊಂದುತ್ತದೆ.

ಮೊದಲು ಯಾವ ಬೆರಳು, ಯಾವ ಕೈ ಅಂತ ನೋಡಿ

ಅರ್ಧ ಗಂಟೆ ಓಡಿಸಿ ಗಾಡಿ ನಿಲ್ಲಿಸಿ. ಗ್ಲೌಸ್ ತೆಗೆದು ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ.

ಕಿರುಬೆರಳು ಮತ್ತು ಉಂಗುರ ಬೆರಳು ಮಾತ್ರ ಜುಮ್ ಅನ್ನುತ್ತಿದ್ದರೆ ಅಂಗೈಯ ಹೊರಅಂಚಿನ ಮೇಲೆ ಭಾರ ಬೀಳುತ್ತಿದೆ. ಆ ಎರಡು ಬೆರಳಿಗೆ ಹೋಗುವ ಅಲ್ನಾರ್ ನರ ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆಯಿಂದಲೇ ಹಾದುಹೋಗುತ್ತದೆ. ಮೈಭಾರವೆಲ್ಲ ಕೈ ಮೇಲೆ ಬಂದರೆ ಅದು ಅದುಮಿ ಹೋಗುತ್ತದೆ. ಚೆಂದಕ್ಕೆ ಅಂತ ತಗ್ಗಾದ ಹ್ಯಾಂಡಲ್ ಹಾಕಿಸಿಕೊಂಡವರಲ್ಲಿ ಇದು ತುಂಬಾ ಸಾಮಾನ್ಯ. ಇಂಥವರಿಗೆ ಗ್ರಿಪ್ ಬದಲಿಸಿ ಸಿಗುವ ಲಾಭ ಸ್ವಲ್ಪವೇ. ಹ್ಯಾಂಡಲ್ ಎತ್ತರಿಸಿದರೆ ಜಾಸ್ತಿ ಉಪಯೋಗ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಅದು ಬೇರೆ ನರ. ಮಣಿಕಟ್ಟಿನ ನಡುವೆ ಬರುವ ಮೀಡಿಯನ್ ನರ. ಮಣಿಕಟ್ಟು ನೆಟ್ಟಗಿಲ್ಲದೆ ಮೇಲಕ್ಕೋ ಕೆಳಕ್ಕೋ ಬಗ್ಗಿರುತ್ತದೆ, ಇಲ್ಲವೇ ನೀವು ಗ್ರಿಪ್ಪನ್ನು ಬಿಗಿಯಾಗಿ ಹಿಂಡಿ ಹಿಡಿದಿರುತ್ತೀರಿ. ಸೀಟಿನ ಮೇಲೆ ಕೂತು ಕೈ ಚಾಚಿ ಬೆರಳನ್ನು ಕ್ಲಚ್, ಬ್ರೇಕ್ ಲಿವರ್ ಮೇಲಿಡಿ. ಮೊಣಕೈಯಿಂದ ಬೆರಳಿನ ಗಂಟಿನವರೆಗೆ ಒಂದೇ ಗೆರೆ ಬರಬೇಕು. ಬರದಿದ್ದರೆ ಲಿವರ್ ಕ್ಲಾಂಪ್ ಸಡಿಲಿಸಿ ಸ್ವಲ್ಪ ತಿರುಗಿಸಿ, ಮತ್ತೆ ಬಿಗಿ ಮಾಡಿ. ಖರ್ಚೇ ಇಲ್ಲದ ಕೆಲಸ. ಲಿವರ್ ಹಿಡಿಯುವ ಕಿವಿ ಹ್ಯಾಂಡಲ್‌ಗೇ ಬೆಸುಗೆಯಾಗಿರುವ ಹಳೆಯ ಗಾಡಿಗಳಲ್ಲಿ ಲಿವರ್ ಮಾತ್ರ ತಿರುಗಿಸಲು ಆಗುವುದಿಲ್ಲ. ಅಲ್ಲಿ ಇಡೀ ಹ್ಯಾಂಡಲನ್ನೇ ಕ್ಲಾಂಪಿನಲ್ಲಿ ಒಂದೆರಡು ಡಿಗ್ರಿ ತಿರುಗಿಸಬೇಕು.

ಎಲ್ಲ ಬೆರಳೂ, ಎರಡು ಕೈಯೂ ಒಂದೇ ಸಮ ಜುಮ್ ಅಂದರೆ ನಡುಕದ ಕಡೆ ನೋಡಿ. ಒಂದು ಕೈಯಲ್ಲಿ ಮಾತ್ರ ಜಾಸ್ತಿ ಇದ್ದರೆ ಆ ಕಡೆಯ ಕೇಬಲ್ ನೋಡಿ. ನನ್ನ ಬಲಗೈಗೆ ಜಾಸ್ತಿ ಆಗುತ್ತಿದ್ದದ್ದಕ್ಕೆ ಕಾರಣ ಅಲ್ಲೇ ಸಿಕ್ಕಿತು. ಮುಂದೆ ಹೇಳುತ್ತೇನೆ.

ಗಾಡಿಯಿಂದ ಇಳಿದು ಎಷ್ಟೋ ಹೊತ್ತಾದರೂ ಜೋಮು ಇಳಿಯದಿದ್ದರೆ, ರಾತ್ರಿ ನಿದ್ದೆಯಲ್ಲಿ ಬಂದರೆ, ಚಳಿಗೆ ಬೆರಳ ತುದಿ ಬೆಳ್ಳಗಾದರೆ ಗ್ಯಾರೇಜ್ ಬಿಟ್ಟು ಡಾಕ್ಟರ ಹತ್ತಿರ ಹೋಗಿ. ನಡುಕದಿಂದ ನರಕ್ಕೂ ರಕ್ತನಾಳಕ್ಕೂ ಆಗುವ ಪೆಟ್ಟನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ನಡುಕ ಇಂಜಿನ್ನದೋ ಚಕ್ರದ್ದೋ?

ಇದನ್ನು ಕಂಡುಹಿಡಿಯಲು ಯಾವ ಉಪಕರಣವೂ ಬೇಡ. ಹಿಂದೆ ಮುಂದೆ ಗಾಡಿ ಇಲ್ಲದ ನೇರ ರಸ್ತೆ ಸಾಕು. ಕೈ ಜುಮ್ ಅನ್ನುವ ವೇಗಕ್ಕೆ ಬನ್ನಿ. 60 ಕಿ.ಮೀ. ಅಂದುಕೊಳ್ಳಿ. ಈಗ ಕ್ಲಚ್ ಹಿಡಿದು ಆಕ್ಸಿಲರೇಟರ್ ಬಿಟ್ಟುಬಿಡಿ. ಇಂಜಿನ್ ಸದ್ದು ಇಳಿಯುತ್ತದೆ, ಗಾಡಿ ಅದೇ ವೇಗದಲ್ಲಿ ಉರುಳುತ್ತಿರುತ್ತದೆ. ಆ ಕ್ಷಣದಲ್ಲೇ ನಡುಕ ನಿಂತರೆ ಅದು ಇಂಜಿನ್ನದು. ನಿಲ್ಲದೆ, ವೇಗ ಇಳಿದ ಹಾಗೆ ನಿಧಾನವಾಗಿ ಇಳಿದರೆ ಚಕ್ರದ್ದು.

ಕೈಗೆ ಅನಿಸುವ ರೀತಿಯೂ ಬೇರೆ. ರೋಡ್‌ಕಿಂಗ್‌ನ 18 ಇಂಚಿನ ಚಕ್ರಕ್ಕೆ ಟೈರ್ ಸೇರಿದರೆ ಸುತ್ತಳತೆ ಸುಮಾರು 2 ಮೀಟರ್. 60 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಎಂಟು ಸುತ್ತು ಚಿಲ್ಲರೆ ತಿರುಗುತ್ತದೆ. ಚಕ್ರ ಸೊಟ್ಟ ಇದ್ದರೆ ಹ್ಯಾಂಡಲ್ ಅಷ್ಟು ಸಲ ಅಲುಗುತ್ತದೆ. ಅದು ಕಣ್ಣಿಗೂ ಕಾಣುತ್ತದೆ, ಮೊಣಕೈಗೂ ತಿಳಿಯುತ್ತದೆ. ಇಂಜಿನ್ 4000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 4000 ಸುತ್ತಿನಲ್ಲಿ ಇದ್ದರೆ ಪಿಸ್ಟನ್ ಸೆಕೆಂಡಿಗೆ 66 ಸಲ ಮೇಲೆ ಕೆಳಗೆ ಹೋಗಿಬರುತ್ತದೆ. ಅದು ಅಲುಗಾಟದ ಹಾಗೆ ಕಾಣುವುದಿಲ್ಲ, ಜೇನುನೊಣ ಮುಷ್ಟಿಯಲ್ಲಿ ಹಿಡಿದ ಹಾಗೆ ಗುಂಯ್ ಅನ್ನುತ್ತದೆ. ಕೈ ಜೋಮು ಹಿಡಿಸುವುದು ಈ ಗುಂಯ್.

ಚಕ್ರದ್ದು ಅಂತ ಗೊತ್ತಾದರೆ ಗ್ರಿಪ್ ವಿಷಯ ಸದ್ಯಕ್ಕೆ ಮರೆತುಬಿಡಿ. ಸ್ಪೋಕ್ ಸಡಿಲ ಆಗಿದೆಯಾ, ರಿಮ್ ಬಳುಕುತ್ತಿದೆಯಾ, ಟೈರ್ ಸರಿಯಾಗಿ ಕೂತಿದೆಯಾ, ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್) ಸಡಿಲ ಇದೆಯಾ ನೋಡಿಸಿ.

ಇಂಜಿನ್ನದಾದರೆ ಒಂದು ವಿಷಯ ಒಪ್ಪಿಕೊಳ್ಳಬೇಕು. ಇವೆಲ್ಲ ಒಂದೇ ಸಿಲಿಂಡರಿನ ಇಂಜಿನ್. ನಡುಕ ತಗ್ಗಿಸಲೆಂದೇ ತಿರುಗುವ ತೂಕದ ದಂಡ, ಅಂದರೆ ಬ್ಯಾಲೆನ್ಸರ್ ಶಾಫ್ಟ್, ಇಲ್ಲ. ಪಿಸ್ಟನ್ ತಿರುಗಿಸುವ ಕ್ರ್ಯಾಂಕಿನ ತೂಕ ಪಿಸ್ಟನ್ನಿನ ಎಳೆತವನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆಯೇ ಹೊರತು ಪೂರ್ತಿ ಅಲ್ಲ. ಒಂದಿಷ್ಟು ನಡುಕ ಆ ಗಾಡಿಯ ಹುಟ್ಟುಗುಣ. ಆದರೆ ಅದಕ್ಕಿಂತ ಮೇಲೆ ಬರುವುದೆಲ್ಲ ದೋಷ, ಅದನ್ನು ತೆಗೆಯಬಹುದು.

ಇಂಜಿನ್ನನ್ನು ಚಾಸಿಗೆ ಕಟ್ಟಿರುವ ಪ್ರತಿ ಬೋಲ್ಟಿಗೂ ಸ್ಪ್ಯಾನರ್ ಹಾಕಿ ನೋಡಿ. ಕಣ್ಣಲ್ಲಿ ನೋಡಿದರೆ ಗೊತ್ತಾಗುವುದಿಲ್ಲ. ನನ್ನ ಗಾಡಿಯಲ್ಲಿ ಒಂದು ಬೋಲ್ಟು ಬಿಗಿಯಾಗಿದೆ ಅಂತಲೇ ಅನಿಸುತ್ತಿತ್ತು. ಸ್ಪ್ಯಾನರ್ ಹಾಕಿ ಎಳೆದರೆ ಅರ್ಧ ಸುತ್ತು ತಿರುಗಿತು. ಬೋಲ್ಟ್ ತೆಗೆದು ನೋಡಿದಾಗ ನಡುವೆ ಒಂದು ಕಡೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು, ಸುತ್ತ ಕೆಂಪು ತುಕ್ಕಿನ ಹುಡಿ. ಎರಡು ಕಬ್ಬಿಣ ಒಂದಕ್ಕೊಂದು ಉಜ್ಜಿದರೆ ಬೀಳುವ ಹುಡಿ ಅದು. ಹೊಸ ಬೋಲ್ಟ್, ಸ್ಪ್ರಿಂಗ್ ವಾಷರ್ ಹಾಕಿ ಬಿಗಿ ಮಾಡಿದ ದಿನವೇ ಅರ್ಧ ಜೋಮು ಹೋಯಿತು. ಗ್ರಿಪ್ ಇನ್ನೂ ಹಳೆಯದೇ ಇತ್ತು, ಫೋಮ್ ಕಿತ್ತು ಅದನ್ನೇ ಮತ್ತೆ ಹಾಕಿದ್ದೆ. ಬುಲೆಟ್ ಇರುವವರು ಸಿಲಿಂಡರ್ ಹೆಡ್ಡನ್ನು ಚಾಸಿಗೆ ಹಿಡಿದಿರುವ ಪಟ್ಟಿ ಇದೆಯಾ ಅಂತಲೂ ನೋಡಿ. ಹೆಡ್ ಬಿಚ್ಚಿದವರು ಅದನ್ನು ವಾಪಸ್ ಹಾಕದೆ ಬಿಟ್ಟಿರುವ ಗಾಡಿಗಳು ಬೇಕಾದಷ್ಟಿವೆ.

ಕೇಬಲ್

ಇಂಜಿನ್ ಆಫ್ ಮಾಡಿ, ಎರಡೇ ಬೆರಳಲ್ಲಿ ಆಕ್ಸಿಲರೇಟರ್ ತಿರುಗಿಸಿ. ಹಗುರವಾಗಿ ತಿರುಗಿ, ಬಿಟ್ಟ ತಕ್ಷಣ ಟಪ್ ಅಂತ ವಾಪಸ್ ಬರಬೇಕು. ನನ್ನದು ಮರಳಲ್ಲಿ ತಿರುಗಿದ ಹಾಗಿತ್ತು. ಕೇಬಲ್ ಒಳಗೆ ಒಣಗಿ ಹೋಗಿತ್ತು. ಅಂಥ ಆಕ್ಸಿಲರೇಟರನ್ನು ಹಿಡಿದಿಡಲು ಕೈ ಗೊತ್ತಿಲ್ಲದೆಯೇ ಬಿಗಿಯಾಗಿ ಹಿಂಡುತ್ತದೆ. ಹಿಂಡಿದಷ್ಟೂ ಇಂಜಿನ್ನಿನ ನಡುಕ ನೇರವಾಗಿ ಮೂಳೆಗೆ ಹೋಗುತ್ತದೆ. ಸಡಿಲವಾಗಿ ಹಿಡಿದ ಕೈಗೆ ಅದೇ ನಡುಕ ಎಷ್ಟೋ ಕಡಿಮೆ ತಟ್ಟುತ್ತದೆ. ಒಳ್ಳೆಯ ಗ್ರಿಪ್ ಅಂದರೆ ನನ್ನ ಲೆಕ್ಕದಲ್ಲಿ ಇಷ್ಟೇ, ಸಡಿಲವಾಗಿ ಹಿಡಿದರೂ ಜಾರದೆ ಇರುವುದು.

ಕೇಬಲ್ಲಿನ ಮೇಲಿನ ತುದಿ ಬಿಚ್ಚಿ, ಪ್ಲಾಸ್ಟಿಕ್ ಚೂರನ್ನು ಆಲಿಕೆಯ ಹಾಗೆ ಸುತ್ತಿ ಕಟ್ಟಿ, ಅದರಲ್ಲಿ ತೆಳು ಎಣ್ಣೆ ಹುಯ್ದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕೆಳಗಿನ ತುದಿಯಲ್ಲಿ ಎಣ್ಣೆ ತೊಟ್ಟಿಕ್ಕಿದ್ದರೆ ಕೆಲಸ ಆಯಿತು. ಎಳೆ ಒಂದೇ ಒಂದು ತುಂಡಾಗಿದ್ದರೂ ಎಣ್ಣೆ ಹಾಕುತ್ತಾ ಕೂರಬೇಡಿ, ಕೇಬಲ್ ಬದಲಿಸಿ. ಎಡಗೈಗೆ ಕ್ಲಚ್ ಕೇಬಲ್ಲಿನದೂ ಇದೇ ಕತೆ.

ಈಗ ಗ್ರಿಪ್

ಇಷ್ಟೆಲ್ಲ ಮಾಡಿದ ಮೇಲೂ ಜೋಮು ಉಳಿದಿದ್ದರೆ ಗ್ರಿಪ್ಪಿನ ಸರದಿ. ಹಳೆಯದು ಕೆಟ್ಟಿದೆಯಾ ಅಂತ ತಿಳಿಯಲು ಉಗುರಿನಿಂದ ಒತ್ತಿ. ಒಳ್ಳೆಯ ರಬ್ಬರಿನಲ್ಲಿ ಗುರುತು ಬಿದ್ದು ತಕ್ಷಣ ಮಾಯವಾಗುತ್ತದೆ. ಗುರುತೇ ಬೀಳದೆ ಕೊಂಬಿನ ಹಾಗಿದ್ದರೆ ರಬ್ಬರ್ ಬಿಸಿಲಿಗೆ, ಗಾಳಿಗೆ ಸತ್ತಿದೆ. ಕೈಗೆ ಅಂಟುತ್ತಾ ಕಪ್ಪು ಮೆತ್ತಿಕೊಳ್ಳುತ್ತಿದ್ದರೆ ಅದೂ ಮುಗಿದ ಕತೆಯೇ. ತೊಳೆದು ಪೌಡರ್ ಹಾಕಿದರೆ ನಾಲ್ಕು ದಿನ ಬರಬಹುದು, ಅಷ್ಟೇ. ಎಡಗಡೆಯದು ತಿರುಚಿದರೆ ತಿರುಗಿಬಿಡುತ್ತಾ ಅಂತಲೂ ನೋಡಿ. ತಿರುಗುವ ಗ್ರಿಪ್ ಕೈ ನೋವಿನ ವಿಷಯ ಮಾತ್ರ ಅಲ್ಲ. ಗುಂಡಿಗೆ ಇಳಿದಾಗ ಕೈ ಜಾರಿದರೆ ಬೀಳುತ್ತೀರಿ.

ಹೊಸದು ತರಲು ಹೋಗುವ ಮುಂಚೆ ಅಳತೆ ತೆಗೆದುಕೊಳ್ಳಿ. ಸುಮ್ನೆ ಗಾಡಿ ಹೆಸರು ಹೇಳಿ ತಂದರೆ ಆಗುವುದಿಲ್ಲ, ಯಾಕಂದರೆ 30–40 ವರ್ಷದಲ್ಲಿ ಯಾರು ಯಾವ ಗಾಡಿಯ ಹ್ಯಾಂಡಲ್ ಹಾಕಿದ್ದಾರೋ ಗೊತ್ತಿರುವುದಿಲ್ಲ. ದಪ್ಪ ಅಳೆಯುವ ವರ್ನಿಯರ್ ಇದ್ದರೆ ಸುಲಭ. ಇಲ್ಲದಿದ್ದರೆ ಕಾಗದದ ಪಟ್ಟಿಯೊಂದನ್ನು ಹ್ಯಾಂಡಲಿನ ಬರಿ ಕೊಳವೆಗೆ ಸುತ್ತಿ, ಸೇರುವ ಜಾಗಕ್ಕೆ ಪೆನ್ನಲ್ಲಿ ಗೆರೆ ಎಳೆದು, ಬಿಡಿಸಿ ಸ್ಕೇಲಿನಲ್ಲಿ ಅಳೆಯಿರಿ. 69–70 ಮಿ.ಮೀ. ಬಂದರೆ ಕೊಳವೆ 22 ಮಿ.ಮೀ.ನದು. ನಮ್ಮ ಬಹುತೇಕ ಗಾಡಿಗಳಲ್ಲಿ ಇದೇ. 80 ಮಿ.ಮೀ. ಬಂದರೆ ಅದು ಒಂದು ಇಂಚಿನ ಕೊಳವೆ. ಹಾರ್ಲೆ ಡೇವಿಡ್‌ಸನ್‌ನಂಥ ಗಾಡಿಗಳಲ್ಲಿ ಇರುವಂಥದ್ದು. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ಆಗುವುದಿಲ್ಲ.

ಬಲಗಡೆ ಬೇರೆಯಾಗಿ ಅಳೆಯಿರಿ. ಅಲ್ಲಿ ಗ್ರಿಪ್ ಕೂರುವುದು ಹ್ಯಾಂಡಲ್ ಮೇಲೆ ಅಲ್ಲ, ಹ್ಯಾಂಡಲ್ ಮೇಲೆ ತಿರುಗುವ ಆಕ್ಸಿಲರೇಟರ್ ಕೊಳವೆಯ ಮೇಲೆ. ಅದಕ್ಕೇ ಬಲಗಡೆ ಗ್ರಿಪ್ಪಿನ ತೂತು ಎಡಗಡೆಯದಕ್ಕಿಂತ ದೊಡ್ಡದು. ಜೋಡಿ ತರುವಾಗ ಎರಡೂ ತೂತು ಒಂದೇ ಅಳತೆ ಇದ್ದರೆ ಅದು ಯಾರೋ ಕಲಸಿಹಾಕಿದ ಜೋಡಿ, ಬೇಡ ಅನ್ನಿ. ಉದ್ದವನ್ನೂ ಬರೆದುಕೊಳ್ಳಿ. ಉದ್ದ ಜಾಸ್ತಿಯಾದ ಗ್ರಿಪ್ಪನ್ನು ಬ್ಲೇಡಿನಲ್ಲಿ ಕತ್ತರಿಸಬಹುದು. ಗಿಡ್ಡದ್ದನ್ನು ಏನೂ ಮಾಡಲಾಗುವುದಿಲ್ಲ. ಅಂಗೈಯ ಅಂಚು ಗ್ರಿಪ್ಪಿನ ಹೊರಗೆ ಹೋದರೆ ಆ ಅಂಚಿನಲ್ಲೇ ನೋವು ಶುರುವಾಗುತ್ತದೆ.

ದಪ್ಪದ ವಿಷಯಕ್ಕೆ ಬರುತ್ತೇನೆ. ನಾನು ತಪ್ಪಿದ್ದು ಇಲ್ಲೇ. 22 ಮಿ.ಮೀ. ಕೊಳವೆಗೆ 5 ಮಿ.ಮೀ. ದಪ್ಪದ ರಬ್ಬರ್ ಬಂದರೆ ಒಟ್ಟು 32 ಮಿ.ಮೀ. ಸಾಮಾನ್ಯ ಗ್ರಿಪ್ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ರಬ್ಬರ್ ಇನ್ನೂ 3 ಮಿ.ಮೀ. ದಪ್ಪವಾಯಿತು ಅನ್ನಿ. ಮೂರೇ ಮಿ.ಮೀ. ಅಲ್ವಾ ಅನಿಸುತ್ತದೆ. ಆದರೆ ಸುತ್ತಳತೆ ಸುಮಾರು 19 ಮಿ.ಮೀ. ಬೆಳೆಯುತ್ತದೆ. ಮುಷ್ಟಿ ಅಷ್ಟೂ ಅಗಲ ತೆರೆದೇ ಇರಬೇಕು. ಕ್ಲಚ್ ಲಿವರ್ ಹಿಡಿಯಲು ಬೆರಳು ಅಗಲವಾಗಿ ಚಾಚಬೇಕು, ಚಾಚಿದ ಬೆರಳಿಗೆ ಎಳೆಯುವ ಶಕ್ತಿ ಕಡಿಮೆ. ಮುಂಗೈ ನೋವು ಬರುವುದು ಅದಕ್ಕೇ. ಫೋಮ್ ಗ್ರಿಪ್ ಹಾಕಿದ ಮೇಲೆ ನನಗೆ ಆದದ್ದು ಇದೇ.

ಅಂಗಡಿಯಲ್ಲಿ ಹೀಗೆ ನೋಡಿ. ಗ್ರಿಪ್ಪನ್ನು ಮುಷ್ಟಿಯಲ್ಲಿ ಹಿಡಿಯಿರಿ. ನಡುಬೆರಳ ತುದಿ ಮತ್ತು ಹೆಬ್ಬೆರಳ ತುದಿ ಒಂದನ್ನೊಂದು ಮುಟ್ಟಬೇಕು ಅಥವಾ ಸ್ವಲ್ಪ ಮೇಲೆ ಹತ್ತಬೇಕು. ಬೆರಳ ತುದಿ ಅಂಗೈಗೇ ಚುಚ್ಚಿದರೆ ನಿಮ್ಮ ಕೈಗೆ ಅದು ಸಣ್ಣದು. ತುದಿಗಳ ನಡುವೆ ಜಾಗ ಉಳಿದರೆ ದಪ್ಪ. ನೀವು ಗ್ಲೌಸ್ ಹಾಕುವವರಾದರೆ ಗ್ಲೌಸ್ ಹಾಕಿಕೊಂಡೇ ನೋಡಿ. ನಡುವೆ ಸ್ವಲ್ಪ ಉಬ್ಬಿರುವ ಆಕಾರ ಅಂಗೈ ಗುಳಿಗೆ ಚೆನ್ನಾಗಿ ಕೂರುತ್ತದೆ. ನನಗೆ ಅದೇ ಇಷ್ಟ. ವಜ್ರದ ಹಾಗೆ ಚುಚ್ಚುವ ಗಟ್ಟಿ ಚೌಕಳಿ ಇರುವುದು ದೂರದ ಓಡಾಟಕ್ಕೆ ಬೇಡ, ಬರಿಗೈಯಲ್ಲಿ ಬೊಬ್ಬೆ ಬರುತ್ತದೆ.

ಯಾವ ವಸ್ತು?

ಫೋಮ್ ಹಗುರ, ಮೆತ್ತಗೆ, ಕಡಿಮೆ ಬೆಲೆ. ಸಣ್ಣ ಗುಂಯ್ ಅನ್ನುವ ನಡುಕವನ್ನು ಚೆನ್ನಾಗಿಯೇ ನುಂಗುತ್ತದೆ. ಆದರೆ ಮಳೆಗೆ ನೆಂದ ಫೋಮ್ ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ. ಮಲೆನಾಡಿನ ಕಡೆಯವರು, ಕರಾವಳಿಯ ಬೆವರಿನಲ್ಲಿ ಓಡಿಸುವವರು ಇದನ್ನು ಬಿಟ್ಟುಬಿಡುವುದೇ ಒಳ್ಳೆಯದು. ಒಳಗೆ ನೀರು ನಿಂತರೆ ಹ್ಯಾಂಡಲ್ ತುಕ್ಕು ಹಿಡಿಯುತ್ತದೆ. ಬಿಸಿಲಿಗೆ ಬೇಗ ಹರಿಯುತ್ತದೆ ಕೂಡ.

ಜೆಲ್ ಗ್ರಿಪ್ ನೋಡಲು ಚೆಂದ. ಒಳ್ಳೆಯದು ಸಿಕ್ಕಿದರೆ ಆರಾಮವೂ ಹೌದು. ಆದರೆ ಬಹಳಷ್ಟು ದಪ್ಪವಾಗಿರುತ್ತವೆ. ತೀರಾ ಮೆತ್ತಗಿದ್ದರೆ ಕೈ ಅಡಿಯಲ್ಲಿ ಗ್ರಿಪ್ಪೇ ಹೊರಳಿದ ಹಾಗಾಗಿ, ಮತ್ತೆ ಬಿಗಿಯಾಗಿ ಹಿಂಡುವಂತೆ ಆಗುತ್ತದೆ.

ನಾನು ಕೊನೆಗೆ ನಿಂತದ್ದು ಸಾದಾ ರಬ್ಬರಿನಲ್ಲಿ. ಉಗುರು ಒತ್ತಿದರೆ ಕುಗ್ಗುವಷ್ಟು ಮೆತ್ತಗೆ, ತಿರುಚಿದರೆ ಜಗ್ಗದಷ್ಟು ಗಟ್ಟಿ, ಉದ್ದಕ್ಕೆ ಸಣ್ಣ ಗೀರು, ನಡುವೆ ಉಬ್ಬು. ಹಳೆಯ ಗಾಡಿಯ ಮೇಲೆ ಹೊರಗಿನದು ಅನಿಸುವುದೂ ಇಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹೋದರೆ ನಾಲ್ಕಾರು ಜೋಡಿ ಕೈಯಲ್ಲಿ ಹಿಡಿದು ನೋಡಿಯೇ ತರಬಹುದು. ಫೋಟೋ ನೋಡಿ ತರಿಸುವುದಕ್ಕಿಂತ ಅದು ಎಷ್ಟೋ ವಾಸಿ.

"ಒರಿಜಿನಲ್ ಕಂಪನಿ ಮಾಲು, ಪ್ಯಾಕೆಟ್ ಒಡೆದಿಲ್ಲ" ಅಂತ ತೋರಿಸುವವರು ಸಿಗುತ್ತಾರೆ. ಜಾವಾ, ಯೆಜ್ಡಿ ಎರಡನ್ನೂ ಮಾಡುತ್ತಿದ್ದ ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ಮಾಡಲು ಶುರು ಮಾಡಿ 1996ರಲ್ಲಿ ಮುಚ್ಚಿತು. ಹಾಗಾಗಿ ಆ ಮಾಲು ನಿಜವೇ ಆಗಿದ್ದರೂ ಆ ರಬ್ಬರಿಗೆ ಸುಮಾರು 30 ವರ್ಷ. ಪ್ಯಾಕೆಟ್ ಒಳಗಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಪ್ರದರ್ಶನಕ್ಕೆ ಇಡುವ ಗಾಡಿಗೆ ತೆಗೆದುಕೊಳ್ಳಿ. ಓಡಿಸುವ ಗಾಡಿಗೆ ಆದರೆ ಅಂಚನ್ನು ಮಡಚಿ ನೋಡಿ. ಸಣ್ಣ ಬಿರುಕು ಬಾಯಿ ಬಿಟ್ಟರೆ ಎಷ್ಟೇ ಒರಿಜಿನಲ್ ಇದ್ದರೂ ಬೇಡ.

ಹ್ಯಾಂಡಲ್ ತುದಿಗೆ ತೂಕ ಹಾಕುವುದು ಇನ್ನೊಂದು ಉಪಾಯ. ಕಬ್ಬಿಣದ ಅಥವಾ ಹಿತ್ತಾಳೆಯ ತುಂಡು ತುದಿಯಲ್ಲಿ ಕೂತರೆ ಗುಂಯ್ ಅನ್ನುವ ನಡುಕ ತಗ್ಗುತ್ತದೆ. ಅದಕ್ಕೆ ತುದಿ ತೆರೆದ ಗ್ರಿಪ್ ಬೇಕು. ಬಲಗಡೆ ಆ ತೂಕ ಗ್ರಿಪ್ಪಿಗೆ ತಾಗದಂತೆ ಸಂದು ಬಿಡಲೇಬೇಕು. ಕೇಬಲ್ ಅಥವಾ ವೈರು ಹ್ಯಾಂಡಲ್ ಒಳಗೇ ಹಾದುಹೋಗುವ ಗಾಡಿಗಳಲ್ಲಿ ಇದಕ್ಕೆ ಕೈ ಹಾಕಬೇಡಿ.

ಹಾಕುವ ರೀತಿ

ಹಳೆಯದನ್ನು ಉಳಿಸಿಕೊಳ್ಳಬೇಕಿಲ್ಲದಿದ್ದರೆ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಕಿತ್ತುಬಿಡಿ. ಆಕ್ಸಿಲರೇಟರ್ ಕೊಳವೆ ಪ್ಲಾಸ್ಟಿಕ್ ಆಗಿದ್ದರೆ ಬ್ಲೇಡ್ ಆಳಕ್ಕೆ ಇಳಿಯದಂತೆ ನೋಡಿಕೊಳ್ಳಿ. ಉಳಿಸಬೇಕಿದ್ದರೆ ತೆಳ್ಳನೆ ಸ್ಕ್ರೂಡ್ರೈವರನ್ನು ಅಂಚಿನಡಿ ತೂರಿಸಿ, ಸೋಪಿನ ನೀರು ಬಿಟ್ಟು, ತಿರುಚುತ್ತಾ ಎಳೆಯಿರಿ.

ಕೆಳಗಿನ ಕೊಳವೆಯ ತುಕ್ಕನ್ನು ಎಮರಿ ಪೇಪರಿನಲ್ಲಿ ಉಜ್ಜಿ. ಹಳೆಯ ಗಮ್ ಒಂದು ಚೂರೂ ಉಳಿಯಬಾರದು. ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ. ಹೊಸದನ್ನು ಏರಿಸಲು ಇಂಜಿನ್ ಆಯಿಲ್, ಗ್ರೀಸ್, ತುಕ್ಕು ಬಿಡಿಸುವ ಸ್ಪ್ರೇ ಯಾವುದನ್ನೂ ಬಳಸಬೇಡಿ. ಸಲೀಸಾಗಿ ಏರುತ್ತದೆ ನಿಜ, ಆದರೆ ಎಣ್ಣೆ ಒಳಗೇ ಉಳಿದು ಗ್ರಿಪ್ ತಿರುಗುತ್ತಲೇ ಇರುತ್ತದೆ, ರಬ್ಬರೂ ಊದಿಕೊಳ್ಳುತ್ತದೆ. ಗ್ರಿಪ್‌ಗೆಂದೇ ಬರುವ ಗಮ್ಮನ್ನು ತೆಳುವಾಗಿ ಸವರಿ, ಒಂದೇ ಉಸಿರಿನಲ್ಲಿ ತಿರುಚುತ್ತಾ ಒಳಗೆ ತಳ್ಳಿ. ಅರ್ಧಕ್ಕೆ ನಿಂತು ಯೋಚಿಸಲು ಹೋದರೆ ಅಲ್ಲೇ ಹಿಡಿದುಕೊಳ್ಳುತ್ತದೆ. ಗೀರು, ಅಕ್ಷರ ಇದ್ದರೆ ಆ ಕ್ಷಣದಲ್ಲೇ ನೇರ ಮಾಡಿ. ಬಲಗಡೆ ಗಮ್ ತೀರಾ ಕಡಿಮೆ ಇರಲಿ. ಹೆಚ್ಚಾದದ್ದು ಆಕ್ಸಿಲರೇಟರ್ ಕೊಳವೆಯ ಒಳಕ್ಕೆ ಹರಿದರೆ ಆಕ್ಸಿಲರೇಟರ್ ಹ್ಯಾಂಡಲ್‌ಗೇ ಅಂಟಿಕೊಳ್ಳುತ್ತದೆ. ಎಷ್ಟು ಹೊತ್ತು ಒಣಗಬೇಕು ಅಂತ ಗಮ್ ಡಬ್ಬಿ ಮೇಲೆ ಬರೆದಿರುತ್ತದೆ. ನಾನು ಒಂದು ಇಡೀ ದಿನ ಗಾಡಿ ತೆಗೆಯುವುದಿಲ್ಲ.

ಬಲಗಡೆ ಗ್ರಿಪ್ಪಿನ ಒಳಅಂಚಿಗೂ ಸ್ವಿಚ್ ಡಬ್ಬಿಗೂ ನಡುವೆ 1ರಿಂದ 2 ಮಿ.ಮೀ. ಸಂದು ಇರಲೇಬೇಕು. ಅಂಚು ಉಜ್ಜಿದರೆ ಆಕ್ಸಿಲರೇಟರ್ ವಾಪಸ್ ಬರುವುದಿಲ್ಲ. ತುದಿ ಮುಚ್ಚಿದ ಗ್ರಿಪ್ಪಾದರೆ ಆ ತುದಿ ಹ್ಯಾಂಡಲ್ ಬಾಯಿಗೆ ಒತ್ತಿಕೊಂಡಿಲ್ಲ ಅಂತಲೂ ನೋಡಿ.

ಆಮೇಲೆ ಇಂಜಿನ್ ಆಫ್ ಇರುವಾಗಲೇ ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿ ಆಕ್ಸಿಲರೇಟರ್ ಪೂರ್ತಿ ತೆರೆದು ಬಿಡಿ. ಟಪ್ ಅಂತ ಮುಚ್ಚಬೇಕು. ನೇರ ಇಟ್ಟು ಅದೇ, ಬಲಕ್ಕೆ ತಿರುಗಿಸಿ ಅದೇ. ಮೂರರಲ್ಲಿ ಒಂದು ಕಡೆ ತಡವಾದರೂ ಗಾಡಿ ಸ್ಟಾರ್ಟ್ ಮಾಡಬೇಡಿ. ಮೂರೂ ಸರಿ ಇದ್ದರೆ ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ (ಆಕ್ಸಿಲರೇಟರ್ ಕೊಡದೆ) ಬಿಟ್ಟು ಹ್ಯಾಂಡಲ್ ಎರಡು ಕಡೆಗೂ ತಿರುಗಿಸಿ. ಇಂಜಿನ್ ಸದ್ದು ಏರಬಾರದು. ಏರಿದರೆ ಕೇಬಲ್ ಎಲ್ಲೋ ಎಳೆಯುತ್ತಿದೆ.

ಗ್ರಿಪ್ ಮೇಲೆ ಹಳೆಯ ಟ್ಯೂಬಿನ ತುಂಡು ಅಥವಾ ಬಟ್ಟೆಯ ಕವರ್ ಸುತ್ತುವ ಅಭ್ಯಾಸ ಕೆಲವರಿಗಿದೆ. ಬಲಗಡೆ ಮಾತ್ರ ದಯವಿಟ್ಟು ಹಾಕಬೇಡಿ. ಅದು ಜರುಗಿ ಸ್ವಿಚ್ ಡಬ್ಬಿಯ ಸಂದಿಗೆ ಸೇರಿದರೆ ಆಕ್ಸಿಲರೇಟರ್ ತೆರೆದೇ ನಿಲ್ಲುತ್ತದೆ.

ಮೊದಲ 100 ಕಿ.ಮೀ. ಆದ ಮೇಲೆ ಎಡಗಡೆ ಗ್ರಿಪ್ಪನ್ನು ಇನ್ನೊಮ್ಮೆ ಬಲವಾಗಿ ತಿರುಚಿ ನೋಡಿ. ಇಂಜಿನ್ ಬೋಲ್ಟಿಗೂ ಅದೇ ದಿನ ಸ್ಪ್ಯಾನರ್ ಹಾಕಿ. ನನ್ನ ಗಾಡಿಯಲ್ಲಿ ಒಂದು ಬೋಲ್ಟು ಮತ್ತೆ ಕಾಲು ಸುತ್ತು ಬಂದಿತ್ತು. ಅದನ್ನು ಬಿಗಿ ಮಾಡಿ ಮಾರನೇ ಭಾನುವಾರ ಗುಂಡ್ಲುಪೇಟೆಗೆ ಹೋದೆ. ಟೀ ಲೋಟ ಮುಟ್ಟಿದ ಕೂಡಲೇ ಬಿಸಿ ಗೊತ್ತಾಯಿತು.